ಬೀರುವಿನ ಬೀಗ ಮತ್ತು ಮೂರನೇ ಕ್ಲಾಸಿನ ಓದು

ಪಾಠವನ್ನು ಮೊದಲಿನಿಂದ ಓದು ಅಂದರೆ ಪಟಪಟ ಓದುವ ಮಗುವಿಗೆ ನಡುವಿನ ಒಂದು ಸಾಲಿಗೆ ಬೆರಳಿಟ್ಟು, ಇಷ್ಟೇ ಓದು ಅಂದು ನೋಡಿ. ಕೆಲವು ಮಕ್ಕಳು ತಟ್ಟನೆ ಸುಮ್ಮನಾಗುತ್ತಾರೆ. ಕಣ್ಣು ಪುಟದ ತಲೆಗೆ ಹೋಗುತ್ತದೆ, ತುಟಿ ಮೆಲ್ಲಗೆ ಅಲ್ಲಾಡುತ್ತದೆ. ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದು, ನೀವು ತೋರಿಸಿದ ಸಾಲು ಬಂದಾಗ ಬಾಯಿ ಬಿಡುತ್ತಾರೆ. ಅವರು ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾರೆ. ಇಷ್ಟು ಚೆನ್ನಾಗಿ ಬಾಯಿಪಾಠ ಮಾಡುವ ಮಗು ದಡ್ಡ ಆಗಿರೋಕೆ ಸಾಧ್ಯವೇ ಇಲ್ಲ, ಅಲ್ವಾ? ಅದಕ್ಕೆ ಸಿಕ್ಕಿರುವುದು ಒಂದೇ ಪುಸ್ತಕ. ಅದನ್ನೇ ತಿರುಗಿಸಿ ಮುರುಗಿಸಿ ಕೇಳಿ ಕೇಳಿ ಬಾಯಿಗೆ ಬಂದಿದೆ.

ಬಾಯಿಪಾಠ ಬಯಲಾಗುವುದು ಹೊಸ ಪುಟ ಕೊಟ್ಟಾಗ. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸಿಕೊಂಡು ಬಂದಿರುವ ‘ಅಸರ್’ ಸಮೀಕ್ಷೆ ಮಾಡುವುದು ಇದನ್ನೇ. ಹಳ್ಳಿ ಮನೆಗಳಿಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಬಿಡಿ ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ಕೆಲವು ಸಾಲು, ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಕಥೆ ಇರುತ್ತದೆ. ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಆ ಕಥೆ ಓದಿದವರು 2018ರಲ್ಲಿ ಶೇ 20.9. ಕೋವಿಡ್ ಕಳೆದ ಮೇಲೆ 2022ರಲ್ಲಿ ಶೇ 16.3ಕ್ಕೆ ಇಳಿಯಿತು. 2024ರಲ್ಲಿ ಶೇ 23.4ಕ್ಕೆ ಏರಿತು. ಏರಿದ್ದು ನಿಜ, ಸಂತೋಷ. ಆದರೂ ನಾಲ್ಕು ಮಕ್ಕಳಲ್ಲಿ ಮೂವರು ಆ ಕಥೆ ಓದಲಾಗದೆ ಹಾಳೆ ವಾಪಸ್ ಕೊಟ್ಟಿದ್ದಾರೆ. ಐದನೇ ಕ್ಲಾಸಿನವರಲ್ಲೂ ಎರಡನೇ ಕ್ಲಾಸಿನ ಕಥೆ ಓದಿದವರು ಅದೇ ವರ್ಷ ಶೇ 44.8 ಮಾತ್ರ.

ಇದಕ್ಕೆ ಸರ್ಕಾರದ ಕಡೆಯಿಂದ ಯೋಜನೆಗಳಿಗೇನೂ ಬರವಿಲ್ಲ. 2021ರ ಜುಲೈ 5ರಂದು ಕೇಂದ್ರ ಸರ್ಕಾರ ‘ನಿಪುಣ್ ಭಾರತ್’ ಶುರು ಮಾಡಿತು. ಮೂರನೇ ಕ್ಲಾಸ್ ಮುಗಿಸುವ ಪ್ರತಿ ಮಗುವಿಗೂ 2026-27ರ ಹೊತ್ತಿಗೆ ಅರ್ಥ ಮಾಡಿಕೊಂಡು ಓದಲು ಬರಬೇಕು ಅನ್ನುವುದು ಅದರ ಗುರಿ. ನಮ್ಮ ರಾಜ್ಯದಲ್ಲಿ ನಾಲ್ಕು-ಐದನೇ ಕ್ಲಾಸಿನವರಿಗೆ ‘ಓದು ಕರ್ನಾಟಕ’ ಬಂತು. ಅದರಲ್ಲಿ ಮಕ್ಕಳನ್ನು ಕ್ಲಾಸಿನ ಪ್ರಕಾರ ಕೂರಿಸದೆ, ಅವರಿಗೆ ಎಷ್ಟು ಓದಲು ಬರುತ್ತದೋ ಅದರ ಪ್ರಕಾರ ಗುಂಪು ಮಾಡುತ್ತಾರೆ. ಒಳ್ಳೆಯ ಉಪಾಯ. ಅಕ್ಷರ ಕಲಿಸುವ ದಾರಿಯ ಬಗ್ಗೆ ಇಷ್ಟೆಲ್ಲ ತಲೆ ಓಡಿಸಿದ್ದೇವೆ. ಅಕ್ಷರ ಕಲಿತ ಮಗುವಿಗೆ ಓದೋಕೆ ಏನು ಕೊಡುತ್ತೇವೆ ಅನ್ನುವ ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ.

ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಿ ಪುಸ್ತಕ ಇಲ್ಲ ಅನ್ನುವ ಹಾಗಿಲ್ಲ. ಇವೆ. ಮುಖ್ಯಶಿಕ್ಷಕರ ಕುರ್ಚಿಯ ಹಿಂದಿನ ಕಬ್ಬಿಣದ ಬೀರುವಿನಲ್ಲಿವೆ. ಬೀರುವಿಗೆ ಬೀಗವಿದೆ. ಬೀಗ ಹಾಕಿದವರು ಕೆಟ್ಟವರಲ್ಲ, ಅವರಿಗೆ ಹೆದರಿಕೆಯಿದೆ. ಮಕ್ಕಳ ಓದಿನ ಸಮಸ್ಯೆಯಲ್ಲಿ ಅರ್ಧ ಭಾಗ ಈ ಹೆದರಿಕೆಯದ್ದು ಅನ್ನುವುದು ನನ್ನ ವಾದ. ಅಲ್ಲಿಗೆ ಬರುವ ಮುಂಚೆ ಕನ್ನಡ ಓದು ಕಲಿಯುವುದು ಎಷ್ಟು ದೊಡ್ಡ ಕೆಲಸ ಅಂತ ಸ್ವಲ್ಪ ನೋಡಬೇಕು.

ನಾನೂರು ಅಕ್ಷರದ ಮೆಟ್ಟಿಲು

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರಿಗೆ ಆಟ, ಕಾರ್ಡುಗಳ ಮೂಲಕ ಕಲಿಸುವ ‘ನಲಿಕಲಿ’ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಬಹುವರ್ಗ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ ಕಟ್ಟಿದ ಕ್ರಮ ಅದು. 2009-10ರಲ್ಲಿ ಇಡೀ ರಾಜ್ಯಕ್ಕೆ ಬಂತು. ದುಂಡು ಮೇಜು, ತಲೆಯ ಮೇಲೆ ಹಗ್ಗದ ಚಪ್ಪರ, ಗೋಡೆಯಲ್ಲಿ ಕಲಿಕಾ ಏಣಿ, ಟ್ರೇ ತುಂಬ ಕಾರ್ಡು. ಮಲೆನಾಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಇಲ್ಲಿನ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದು, ಎರಡು, ಮೂರನೇ ಕ್ಲಾಸನ್ನು ಒಟ್ಟಿಗೆ ಕೂರಿಸುವುದು ಬಿಟ್ಟು ಬೇರೆ ದಾರಿಯೇ ಇಲ್ಲ.

ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ಅ, ಆ, ಇ, ಈ ಅಂತ ಅಲ್ಲ. ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಅರಸ, ಅಗಸ, ಗರಗಸ, ಸರ, ದರ ಎಲ್ಲ ಓದಬಹುದು. ಮಗುವಿಗೆ ಮೊದಲ ವಾರದಲ್ಲೇ ‘ನಂಗೆ ಓದಕ್ಕೆ ಬಂತು’ ಅನ್ನಿಸುತ್ತದೆ. ಹಳೆಯ ಕಾಲದವರು ಇದನ್ನು ನೋಡಿ ಮೂಗು ಮುರಿದಿದ್ದುಂಟು. ನನಗಂತೂ ಇದು ಸರಿ ಅನ್ನಿಸುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ಕನ್ನಡದಲ್ಲಿ 34 ವ್ಯಂಜನ. ಒಂದೊಂದಕ್ಕೂ ಕಾಗುಣಿತ ಸೇರಿಸಿದರೆ ನಾನೂರಕ್ಕೂ ಹೆಚ್ಚು ರೂಪ. ಅದರ ಮೇಲೆ ಒತ್ತಕ್ಷರ. ತ, ನ, ಮ, ಯ, ಲ ಇವುಗಳ ಒತ್ತು ನೋಡಿದರೆ ಮೂಲ ಅಕ್ಷರದ ನೆನಪೇ ಆಗುವುದಿಲ್ಲ. ‘ಅಮ್ಮ ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದಳು.’ ತೀರಾ ಸರಳ ವಾಕ್ಯ, ಮಗು ದಿನಾ ನೋಡುವ ಸಂಗತಿ. ಆದರೆ ನಾಲ್ಕೇ ಪದದಲ್ಲಿ ಆರು ಒತ್ತಕ್ಷರ ಇದೆ, ಎಣಿಸಿ ನೋಡಿ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಇಷ್ಟು ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನ ತನಕವೂ ನಡೆಯುತ್ತಲೇ ಇರುತ್ತದೆ. ಇಂಗ್ಲಿಷಿನ 26 ಅಕ್ಷರದ ಲೆಕ್ಕ ಇಟ್ಟುಕೊಂಡು ‘ಎರಡನೇ ಕ್ಲಾಸಿಗೆ ಬಂದರೂ ಓದು ಬರಲ್ಲ’ ಅಂತ ಮಗುವನ್ನು ಬೈದರೆ ಪ್ರಯೋಜನವಿಲ್ಲ. 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಮಾಧ್ಯಮವೂ ಶುರುವಾಗಿದೆ. ಅಲ್ಲಿ ಮಗು ಎರಡೂ ಲಿಪಿಯನ್ನು ಒಟ್ಟೊಟ್ಟಿಗೆ ಎಳೆಯಬೇಕು.

ವೇಗದ ಲೆಕ್ಕವೂ ಹಾಗೇ. ನಿಪುಣ್ ಗುರಿಯ ಪ್ರಕಾರ ಎರಡನೇ ಕ್ಲಾಸಿನ ಮಗು ನಿಮಿಷಕ್ಕೆ 45ರಿಂದ 60 ಪದ ಓದಬೇಕು. ಕನ್ನಡದಲ್ಲಿ ‘ಮರ’ವೂ ಒಂದು ಪದ, ‘ಮರಗಳಿಂದಲೇ’ ಕೂಡ ಒಂದು ಪದ. ಹಿಂದಿಯಲ್ಲಿ ಬಿಡಿಬಿಡಿಯಾಗಿ ನಿಲ್ಲುವುದು ನಮ್ಮಲ್ಲಿ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ಹಾಗಾಗಿ ಎಲ್ಲ ಭಾಷೆಗೂ ಒಂದೇ ಗಡಿಯಾರ ಹಿಡಿಯುವುದು ಅನ್ಯಾಯ. 2022ರಲ್ಲಿ ನಡೆದ ರಾಷ್ಟ್ರೀಯ ಬುನಾದಿ ಕಲಿಕಾ ಅಧ್ಯಯನ 20 ಭಾಷೆಗಳಿಗೆ ಬೇರೆ ಬೇರೆ ಅಳತೆ ಇಟ್ಟುಕೊಂಡಿದ್ದು ಇದೇ ಕಾರಣಕ್ಕೆ. ಶಾಲೆಗೆ ಭೇಟಿ ಕೊಡುವವರ ಕೈಯಲ್ಲಿ ಮಾತ್ರ ಇನ್ನೂ ಆ 45-60ರ ಪಟ್ಟಿಯೇ ಇರುತ್ತದೆ.

ಆದರೆ ವೇಗ ಬೇಡವೇ ಬೇಡ ಅಂತಲ್ಲ. ತೋ, ಟ, ದ, ಲ್ಲಿ ಅಂತ ಒಂದೊಂದೇ ಅಕ್ಷರ ಹೆಕ್ಕುತ್ತಾ ಹೋದರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ಅರ್ಥ ಎಲ್ಲಿಂದ ಬರಬೇಕು? ಅಕ್ಷರ ಗುರುತಿಸುವ ಕೆಲಸ ತಾನಾಗಿ ಆಗಬೇಕು, ತಲೆ ಕಥೆಯ ಮೇಲಿರಬೇಕು. ಅದಕ್ಕೆ ಇರುವುದು ಒಂದೇ ಮದ್ದು. ಗೊತ್ತಿರುವ ಅಕ್ಷರಗಳನ್ನು ಗೊತ್ತಿಲ್ಲದ ಪುಟಗಳಲ್ಲಿ ಮತ್ತೆ ಮತ್ತೆ ನೋಡುವುದು. ಪಠ್ಯಪುಸ್ತಕ ಒಂದರಿಂದ ಇದು ಆಗುವುದಿಲ್ಲ, ಅದು ಆಗಲೇ ಬಾಯಿಗೆ ಬಂದುಬಿಟ್ಟಿದೆ. ನಲಿಕಲಿ ಕಾರ್ಡಿನಿಂದಲೂ ಅಷ್ಟಕ್ಕಷ್ಟೆ, ಅದರಲ್ಲಿರುವುದು ಒಂದೆರಡು ಸಾಲು. ಬೇಕಾದದ್ದು ಸಣ್ಣ ಸಣ್ಣ ಕಥೆಪುಸ್ತಕ, ಜಾಸ್ತಿ ಸಂಖ್ಯೆಯಲ್ಲಿ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಸಾಗರ, ಹೊಸನಗರದಲ್ಲಿ ಹವ್ಯಕರ ಮನೆಯ ಮಾತು ಬೇರೆ, ದೀವರ ಮನೆಯ ಮಾತು ಬೇರೆ. ಶಿಕಾರಿಪುರ, ಸೊರಬದ ತಾಂಡಾಗಳಲ್ಲಿ ಲಂಬಾಣಿ. ಭದ್ರಾವತಿಯಲ್ಲಿ ತಮಿಳು, ಪೇಟೆಗಳಲ್ಲಿ ಉರ್ದು, ಕೊಂಕಣಿ. ಕನ್ನಡವೇ ಮನೆಮಾತಾದ ಮಗುವೂ ‘ಹೋಗ್ತಾ ಇದಾನೆ’ ಅನ್ನುತ್ತದೆ, ಪುಸ್ತಕ ‘ಹೋಗುತ್ತಿದ್ದಾನೆ’ ಅನ್ನುತ್ತದೆ. ಪುಸ್ತಕದ ಕನ್ನಡ ಕಿವಿಗೆ ಬೀಳದೆ ಕಣ್ಣಿಗೆ ಮಾತ್ರ ಬಿದ್ದರೆ ಅದು ಪರಭಾಷೆಯೇ. ಅದಕ್ಕೇ ಟೀಚರ್ ದಿನಾ ಹತ್ತು ನಿಮಿಷ ಕಥೆಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು. ಹೇಳುವುದಲ್ಲ, ಓದುವುದು. ಚಿತ್ರ ಮಕ್ಕಳ ಕಡೆ ತಿರುಗಿಸಿ, ಬೆರಳು ಸಾಲಿನ ಕೆಳಗೆ ಓಡಿಸುತ್ತಾ. ‘ಮುಂದೇನಾಯ್ತು ಅನ್ಸುತ್ತೆ?’ ಅಂತ ಒಂದು ಕಡೆ ನಿಲ್ಲಿಸಿದರೆ ಸಾಕು, ಇಡೀ ಕ್ಲಾಸ್ ಮೈಮೇಲೆ ಬರುತ್ತದೆ.

ದಾಸ್ತಾನು ವಹಿಯ ಭಯ

ಈಗ ಬೀರುವಿಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕ ಸೇರಿ ಎಲ್ಲ ವಿಷಯದ ಪುಸ್ತಕ ಇರಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದಕ್ಕಂತಲೇ ಅನುದಾನವಿದೆ. ಕಿರಿಯ ಪ್ರಾಥಮಿಕಕ್ಕೆ ವರ್ಷಕ್ಕೆ 5,000 ರೂಪಾಯಿವರೆಗೆ, ಎಂಟನೇ ಕ್ಲಾಸಿನವರೆಗಿನ ಶಾಲೆಗೆ 13,000ದವರೆಗೆ. ಒಂದು ಚಿತ್ರಪುಸ್ತಕಕ್ಕೆ 60 ರೂಪಾಯಿ ಅಂತ ಹಿಡಿದರೂ 5,000ಕ್ಕೆ 83 ಪುಸ್ತಕ ಬರುತ್ತದೆ. ಹದಿನೈದು-ಇಪ್ಪತ್ತು ಮಕ್ಕಳ ಶಾಲೆಗೆ ಅದು ಕಡಿಮೆಯೇನಲ್ಲ.

ಆದರೆ ಬೀರು ತೆಗೆದರೆ ಸಿಗುವುದು ಏನು? ಮಹಾಪುರುಷರ ಜೀವನಚರಿತ್ರೆ, ಪ್ರಬಂಧಗಳು, ದೊಡ್ಡವರ ಕವಿತೆ, ದಪ್ಪ ದಪ್ಪ ಮಾಹಿತಿ ಪುಸ್ತಕ. ಮೇಲಿನಿಂದ ಕಟ್ಟು ಕಟ್ಟಾಗಿ ಬಂದದ್ದು. ಏಳು ವರ್ಷದ ಮಗುವಿಗೆ ಬೇಕಾದ, ಪುಟಕ್ಕೆ ಎರಡು ಸಾಲಿರುವ ಪುಸ್ತಕ ಹುಡುಕಬೇಕು. ತೀರ್ಥಹಳ್ಳಿ ಒಂದೇ ತಾಲ್ಲೂಕಿಗೆ ಎರಡು ಜ್ಞಾನಪೀಠ ಬಂದಿದೆ ಅಂತ ಭಾಷಣದಲ್ಲಿ ಹೆಮ್ಮೆಪಡುತ್ತೇವೆ. ಅದೇ ತಾಲ್ಲೂಕಿನ ಎರಡನೇ ಕ್ಲಾಸಿನ ಮಗುವಿಗೆ ಓದಲು ಬರುವಂಥ ಹತ್ತು ಪುಸ್ತಕ ಅದರ ಶಾಲೆಯಲ್ಲಿ ಇದೆಯಾ ಅಂತ ಭಾಷಣ ಮಾಡಿದವರು ಕೇಳಿದ್ದು ನಾನು ಕೇಳಿಲ್ಲ.

ಒಳ್ಳೆಯ ಪುಸ್ತಕ ಬಂದ ಶಾಲೆಯಲ್ಲೂ ಬೀಗ ಹಾಗೇ ಇರುತ್ತದೆ. ಯಾಕೆ? ಪುಸ್ತಕ ಬಂದ ದಿನವೇ ದಾಸ್ತಾನು ವಹಿಗೆ ಏರುತ್ತದೆ. ಮುಖ್ಯಶಿಕ್ಷಕರು ವರ್ಗವಾಗುವಾಗ ಕುರ್ಚಿ, ಮೇಜು, ಪಾತ್ರೆ, ತೂಕದ ಯಂತ್ರದ ಜೊತೆ ಪುಸ್ತಕವನ್ನೂ ಎಣಿಸಿ ಚಾರ್ಜ್ ಕೊಡಬೇಕು. ಹತ್ತು ಕಡಿಮೆ ಬಂದರೆ ಯಾರು ಜವಾಬು ಕೊಡುವುದು? ಮಕ್ಕಳು ಹರಿದರು, ಮಳೆಯಲ್ಲಿ ನೆನೆಯಿತು, ನಾಯಿ ಕಚ್ಚಿತು ಅಂದರೆ ಆಡಿಟ್‌ನವರು ಒಪ್ಪುತ್ತಾರಾ? ಒಪ್ಪುತ್ತಾರೋ ಇಲ್ಲವೋ, ಕೇಳಿ ನೋಡುವ ಧೈರ್ಯ ಯಾರಿಗೂ ಇಲ್ಲ. ಕೈಯಿಂದ ದುಡ್ಡು ಕಟ್ಟುವುದಕ್ಕಿಂತ ಬೀಗ ಹಾಕುವುದು ಕ್ಷೇಮ. ಬೀಗದ ಹಿಂದೆ ಎಲ್ಲ ಪುಸ್ತಕ ಹೊಸದರಂತೆ ಇರುತ್ತದೆ, ಲೆಕ್ಕ ಸರಿಹೋಗುತ್ತದೆ, ತಪಾಸಣೆಗೆ ಬಂದವರು ಮೆಚ್ಚಿ ಹೋಗುತ್ತಾರೆ.

ಸೀಮೆಸುಣ್ಣಕ್ಕೆ ಈ ಕಷ್ಟವಿಲ್ಲ. ತಂದರೆ ಖರ್ಚಾಗುತ್ತದೆ, ಯಾರೂ ಲೆಕ್ಕ ಕೇಳುವುದಿಲ್ಲ. ಒಂದನೇ ಕ್ಲಾಸಿನ ಚಿತ್ರಪುಸ್ತಕವನ್ನೂ ನಾವು ಹಾಗೇ ನೋಡಬೇಕು. ಹತ್ತಾರು ಕೈ ದಾಟಿ ಎರಡು ವರ್ಷದಲ್ಲಿ ಅದರ ಹೊಲಿಗೆ ಬಿಟ್ಟರೆ ಅದು ತನ್ನ ಕೆಲಸ ಮಾಡಿದೆ ಅಂತ ಲೆಕ್ಕ. ಪುಸ್ತಕ ಇರುವುದೇ ಬಳಕೆಗೆ ಅಂತ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಷ್ಟು ಹಿಂದೆಯೇ ಮೊದಲ ಸೂತ್ರವಾಗಿ ಹೇಳಿದ್ದರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ.

ಸರ್ಕಾರಿ ಲೆಕ್ಕದಲ್ಲಿ ಪುಸ್ತಕ ಕಳೆಯುವುದಕ್ಕೆ ಜಾಗವೇ ಇಲ್ಲ ಅಂದುಕೊಂಡಿದ್ದರೆ ಅದೂ ತಪ್ಪು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯದ ಪುಸ್ತಕಗಳ ಬಗ್ಗೆ ಇದೆ. ಒಂದು ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಮೋಸ ಅಥವಾ ಬೇಜವಾಬ್ದಾರಿ ಇಲ್ಲದಿದ್ದರೆ ಸಾಕು ಅನ್ನುತ್ತದೆ. ಲೆಕ್ಕ ಹಿಡಿದದ್ದು ಯಾವುದರ ಮೇಲೆ ನೋಡಿ. ಬೀರುವಿನಲ್ಲಿರುವ ಪುಸ್ತಕದ ಮೇಲಲ್ಲ, ಓಡಾಡಿದ ಪುಸ್ತಕದ ಮೇಲೆ. ಜಾಸ್ತಿ ಕೊಟ್ಟವರಿಗೆ ಜಾಸ್ತಿ ರಿಯಾಯಿತಿ. ಈ ನಿಯಮ ಕೇಂದ್ರದ ಕಚೇರಿಗಳಿಗೆ. ನಮ್ಮ ಹಳ್ಳಿ ಶಾಲೆಗೆ ನೇರ ಅನ್ವಯ ಆಗುವುದಿಲ್ಲ. ಆದರೆ ಶಿಕ್ಷಣ ಇಲಾಖೆ ಇದೇ ಧಾಟಿಯಲ್ಲಿ ಒಂದು ಪುಟದ ಸುತ್ತೋಲೆ ಹೊರಡಿಸಿದರೆ ಎಷ್ಟು ಬೀಗ ತೆಗೆಯುತ್ತದೆ ಅಂತ ಯೋಚಿಸಿ. ಚಿಕ್ಕ ಮಕ್ಕಳ ಪುಸ್ತಕಕ್ಕೆ ಸಾವಿರಕ್ಕೆ ಐದು ಸಾಲದು, ನೂರಕ್ಕೆ ಹತ್ತಾದರೂ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಬೀಗ ತೆಗೆದ ಕಡೆ ಹೇಗಿರುತ್ತದೆ? ಹೊಸನಗರ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಶನಿವಾರ ಬೆಳಗಿನ ಶಾಲೆ, ಕೊನೆಯ ಪೀರಿಯಡ್. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ಪುಸ್ತಕ ನೇತುಹಾಕಿದ್ದಾರೆ, ಮುಖಪುಟ ಕಾಣುವ ಹಾಗೆ. ಐದನೇ ಕ್ಲಾಸಿನ ಹುಡುಗಿ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದಾಳೆ. ಎರಡನೇ ಕ್ಲಾಸಿನ ಹುಡುಗ ಒಂದು ದಪ್ಪ ಪುಸ್ತಕ ತಂದು ಮುಂದಿಟ್ಟ.

‘ಇದ್ರಲ್ಲಿ ಅಕ್ಷರ ಜಾಸ್ತಿ ಅದೆ. ನಿಂಗೆ ಓದಕ್ಕಾಗಲ್ಲ.’

‘ಹುಲಿ ಚಿತ್ರ ಅದೆ, ಅಕ್ಕ. ಅಪ್ಪಯ್ಯ ಓದ್ತಾರೆ.’

‘ಸರಿ, ತಗ. ಕೊಟ್ಟೆಲಿ ಹಾಕ್ಕಂಡ್ ಹೋಗು, ನೆನ್ಸಬ್ಯಾಡ ಮಾರಾಯ.’

ಅವನು ಚೀಲದಿಂದ ಪ್ಲಾಸ್ಟಿಕ್ ಕೊಟ್ಟೆ ತೆಗೆದು ಪುಸ್ತಕ ಸುತ್ತಿಕೊಂಡ. ಅವಳ ನೋಟ್‌ಬುಕ್ಕಿನಲ್ಲಿ ಐದು ಕಾಲಂ: ಹೆಸರು, ಪುಸ್ತಕದ ನಂಬರ್, ಕೊಟ್ಟ ದಿನ, ಬಂದ ದಿನ, ಹೇಗಿತ್ತು. ಕೊನೆಯ ಕಾಲಂ ಓದಲು ಮಜಾ. ‘ಮಂಗ ಚೆನ್ನಾಗಿದೆ.’ ‘ಕೊನೆ ಚೆನ್ನಾಗಿಲ್ಲ.’ ‘ಎರಡು ಸಲ ಓದಿದೆ.’ ಒಬ್ಬ ಬರೀ ‘ಬೇಡ’ ಅಂತ ಬರೆದಿದ್ದ. ದೊಡ್ಡವರ ಪುಸ್ತಕ ವಿಮರ್ಶೆಯಲ್ಲಿ ಇಷ್ಟು ನೇರ ಮಾತು ಸಿಗುವುದು ಅಪರೂಪ.

ಹುಡುಕುವುದನ್ನೂ ಕಲಿಸಬೇಕು

ಗ್ರಂಥಾಲಯ ಬಳಸುವುದು ತಾನಾಗಿ ಬರುವ ವಿದ್ಯೆಯಲ್ಲ. ಪುಸ್ತಕ ಹಿಡಿಯುವುದು, ಪುಟ ಮಡಚದೆ ಗುರುತಿಡುವುದು, ಮುಖಪುಟದಲ್ಲಿ ಬರೆದವರು ಯಾರು, ಚಿತ್ರ ಬಿಡಿಸಿದವರು ಯಾರು ಅಂತ ನೋಡುವುದು, ಇವೆಲ್ಲ ಒಂದು-ಎರಡನೇ ಕ್ಲಾಸಿನಲ್ಲೇ ಆಗುತ್ತದೆ. ತನಗೆ ತಕ್ಕ ಪುಸ್ತಕ ಆರಿಸುವುದಕ್ಕೆ ಒಂದು ಬೆರಳ ಲೆಕ್ಕ ಇದೆ. ಯಾವುದಾದರೂ ಒಂದು ಪುಟ ತೆಗೆದು ಓದುತ್ತಾ, ಬರದ ಪದ ಬಂದಾಗೆಲ್ಲ ಒಂದು ಬೆರಳು ಮಡಚುವುದು. ಪುಟ ಮುಗಿಯುವುದರೊಳಗೆ ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ಆದರೆ ಆ ಹುಲಿ ಹುಡುಗನ ಹಾಗೆ ಬೇಕೇ ಬೇಕು ಅಂದರೆ ಕೊಟ್ಟುಬಿಡಬೇಕು.

ಮೂರನೇ ಕ್ಲಾಸಿನಿಂದ ಮುಂದೆ ಒಂದು ಸಣ್ಣ ತೊಡಕು ಬರುತ್ತದೆ. ರ, ಗ, ಸ, ದ, ಅ ಅಂತ ಕಲಿತ ಮಗುವಿಗೆ ಓದು ಬೇಗ ಬರುತ್ತದೆ, ಒಪ್ಪಿದೆ. ಆದರೆ ನಿಘಂಟು ಕೈಗೆ ಕೊಟ್ಟರೆ ಕಕ್ಕಾಬಿಕ್ಕಿ. ‘ಮ’ ಇರುವುದು ‘ಬ’ದ ಮುಂದೋ ಹಿಂದೋ ಗೊತ್ತಿಲ್ಲ. ವರ್ಣಮಾಲೆಯ ಕ್ರಮ ಓದಲು ಬೇಕಿಲ್ಲ, ಹುಡುಕಲು ಬೇಕು. ಅದನ್ನು ಒಂದನೇ ಕ್ಲಾಸಿನಲ್ಲಿ ತುರುಕುವ ಅಗತ್ಯವಿಲ್ಲ, ಮೂರು-ನಾಲ್ಕನೇ ಕ್ಲಾಸಿನಲ್ಲಿ ಆಟದ ಹಾಗೆ ಹೇಳಿಕೊಟ್ಟರೆ ಸಾಕು. ಹಾಜರಿ ಪುಸ್ತಕದ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿ, ಅದೇ ಸಾಲಿನಲ್ಲಿ ನಿಂತುಕೊಳ್ಳಿ ಅಂದರೆ ಆಯಿತು. ಕಾಗುಣಿತದ ಕ್ರಮವೂ ಆಗಲೇ ಕೆಲಸಕ್ಕೆ ಬರುತ್ತದೆ: ಕಮಲ, ಕಾವ್ಯ, ಕಿರಣ, ಕುಮಾರ. ‘ಕೃಷ್ಣ’ ಮತ್ತು ಒತ್ತಕ್ಷರದ ‘ಕ್ಷಮಾ’ ಎಲ್ಲಿ ನಿಲ್ಲಬೇಕು ಅಂತ ಜಗಳ ಬರಲಿ. ‘ಕೃ’ ಕಾಗುಣಿತದೊಳಗೇ ಬರುತ್ತದೆ, ‘ಕ್ಷ’ ಕಾಗುಣಿತ ಎಲ್ಲ ಮುಗಿದ ಮೇಲೆ ಅನ್ನುವುದು ಆ ಜಗಳದಲ್ಲೇ ತಲೆಗೆ ಹೋಗುತ್ತದೆ.

ಪುಸ್ತಕ ಜೋಡಿಸುವುದಕ್ಕೆ ದೊಡ್ಡ ಶಾಸ್ತ್ರ ಬೇಡ. ದೊಡ್ಡ ಗ್ರಂಥಾಲಯಗಳಲ್ಲಿ ಬೆನ್ನಿನ ಮೇಲೆ ಕಾಣುವ ಅಂಕಿಗಳು ಮೆಲ್ವಿಲ್ ಡ್ಯೂಯಿ 1876ರಲ್ಲಿ ಕೊಟ್ಟ ದಶಾಂಶ ಪದ್ಧತಿಯವು, 500 ಅಂದರೆ ವಿಜ್ಞಾನ, 900 ಅಂದರೆ ಇತಿಹಾಸ-ಭೂಗೋಳ, ಹೀಗೆ. ಇನ್ನೂರು ಪುಸ್ತಕಕ್ಕೆ ಮೂರ್ನಾಲ್ಕು ಬಣ್ಣದ ಟೇಪು ಸಾಕು. ಓದಿನ ಮಟ್ಟಕ್ಕೆ ಒಂದೊಂದು ಬಣ್ಣ. ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳಿಗೆ ನಾಲ್ಕು ಮಟ್ಟ ಮಾಡಿರುತ್ತದೆ, ಅದನ್ನೇ ಅನುಸರಿಸಬಹುದು. 2015ರಲ್ಲಿ ಶುರುವಾದ ಅವರ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಕಥೆಗಳೂ ಪುಕ್ಕಟೆ ಸಿಗುತ್ತವೆ, ಮುದ್ರಿಸಿ ಹಂಚಲೂ ಅಡ್ಡಿಯಿಲ್ಲ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಡೌನ್‌ಲೋಡ್ ಮಾಡಿಕೊಳ್ಳುವ ಮೇಷ್ಟ್ರುಗಳು ನಮ್ಮ ಕಡೆ ಇದ್ದಾರೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಪ್ರಶ್ನೆ ಹಿಡಿದು ಪುಸ್ತಕಕ್ಕೆ ಹೋಗುವ ಅಭ್ಯಾಸ. ಮಳೆಗಾಲದಲ್ಲಿ ಇಲ್ಲಿನ ಮಕ್ಕಳಿಗೆಲ್ಲ ಇರುವ ಪ್ರಶ್ನೆ ಒಂದಿದೆ: ಉಂಬಳ ಕಚ್ಚಿದ ಮೇಲೆ ರಕ್ತ ಯಾಕೆ ಬೇಗ ನಿಲ್ಲುವುದಿಲ್ಲ? ಉತ್ತರ ಪುಸ್ತಕದಲ್ಲಿದೆ, ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುತ್ತದೆ. ಆದರೆ ಪರಿವಿಡಿಯಲ್ಲಿ ‘ಉಂಬಳ’ ಸಿಗುವುದಿಲ್ಲ. ‘ಜಿಗಣೆ’ ಅಂತ ಇರುತ್ತದೆ. ಮನೆಯ ಹೆಸರು ಸಿಗದಿದ್ದಾಗ ಬೇರೆ ಹೆಸರಿನಲ್ಲಿ ಹುಡುಕಬೇಕು, ಅದೂ ಇಲ್ಲದಿದ್ದರೆ ‘ಹುಳುಗಳು’ ಅಂತ ದೊಡ್ಡ ಗುಂಪಿನಲ್ಲಿ ನೋಡಬೇಕು. ಇಷ್ಟು ಬಂದ ಮಗು ನಾಳೆ ಮೊಬೈಲಿನಲ್ಲಿ ಹುಡುಕುವಾಗಲೂ ಮೊದಲು ಸಿಕ್ಕಿದ್ದನ್ನೇ ನಂಬಿ ಕೂರುವುದಿಲ್ಲ.

ಮಳೆ, ದೂರ, ಪಂಚಾಯಿತಿ

‘ನಮ್ಮ ಮಳೆಗೆ ಪುಸ್ತಕ ಹೊರಗಿಟ್ಟರೆ ಉಳಿಯುತ್ತಾ?’ ಅನ್ನುವುದು ನ್ಯಾಯವಾದ ಪ್ರಶ್ನೆ. ಆಗುಂಬೆ, ಹುಲಿಕಲ್ ಕಡೆ ಜುಲೈನಲ್ಲಿ ಗೋಡೆಯೇ ಬೆವರುತ್ತದೆ. ಆದರೆ ಬೂಷ್ಟು ಹಿಡಿಯುವುದು ಮುಚ್ಚಿಟ್ಟ ಕಬ್ಬಿಣದ ಬೀರುವಿನಲ್ಲೇ ಜಾಸ್ತಿ. ಗಾಳಿಯಾಡದ ಕಡೆ ತೇವ ನಿಂತುಬಿಡುತ್ತದೆ. ವಾರಕ್ಕೆರಡು ಸಲ ಕೈಗೆ ಬಂದು, ಪುಟ ತಿರುಗಿ, ಮನೆಯ ಒಲೆ ಮುಂದೆ ಕೂತು ಬಂದ ಪುಸ್ತಕಕ್ಕೆ ಬೂಷ್ಟು ಕಡಿಮೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ತಂದು, ಕೆಳಗೆ ಇಟ್ಟಿಗೆ ಇಟ್ಟರೆ ಗೆದ್ದಲಿನ ಕಾಟವೂ ತಗ್ಗುತ್ತದೆ. ನುಸಿಗುಳಿಗೆ ಮಾತ್ರ ಹಾಕಬೇಡಿ. ಅದು ವಿಷ, ಚಿಕ್ಕ ಮಕ್ಕಳು ಪೆಪ್ಪರ್‌ಮೆಂಟ್ ಅಂತ ಬಾಯಿಗೆ ಹಾಕಿಕೊಂಡಾರು.

ದೂರದ್ದು ಇನ್ನೂ ಗಟ್ಟಿ ಸಮಸ್ಯೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಯಲ್ಲಿವೆ, ‘ಅರಿವು ಕೇಂದ್ರ’ ಅಂತ ಹೆಸರೂ ಬಂದಿದೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಅಂತ ನಾವು ಕಟ್ಟುತ್ತಲೇ ಬಂದಿದ್ದೇವೆ. ಬಯಲುಸೀಮೆಯಲ್ಲಿ ಊರು ಒಂದೇ ಕಡೆ ಇರುತ್ತದೆ, ಮಗು ಸಂಜೆ ಓಡಿಹೋಗಿ ಬರಬಹುದು. ನಮ್ಮಲ್ಲಿ ಒಂದು ಪಂಚಾಯಿತಿ ಅಂದರೆ ಗುಡ್ಡದಾಚೆಗೊಂದು ಈಚೆಗೊಂದು ಮನೆ. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದು, ತುಮರಿ ಕಡೆಯವರಿಗೆ ಲಾಂಚ್ ಕಾಯುವುದು ತಪ್ಪಿತು. ಏಳು ವರ್ಷದ ಮಗು ಕಾಲುಸಂಕ ದಾಟಿ, ಕಾಡುದಾರಿಯಲ್ಲಿ ನಾಲ್ಕು ಮೈಲಿ ನಡೆದು ಕಥೆಪುಸ್ತಕ ತರುವುದು ಮಾತ್ರ ಆಗದ ಮಾತು. ಸದಸ್ಯತ್ವದ ಪಟ್ಟಿಯಲ್ಲಿ ಅದರ ಹೆಸರು ಇದ್ದರೂ ಅಷ್ಟೆ.

ಪುಸ್ತಕವೇ ಮಗುವಿನ ಹತ್ತಿರ ಬರಬೇಕು. ದಾರಿ ಆಗಲೇ ಇದೆ. ಅಕ್ಕಪಕ್ಕದ ಶಾಲೆಗಳೆಲ್ಲ ಸೇರಿದ ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆ ನಡೆಯುತ್ತದೆ, ಎಲ್ಲ ಶಾಲೆಯವರೂ ಬರುತ್ತಾರೆ. ಒಂದೊಂದು ಶಾಲೆಗೂ ಮೂವತ್ತು ಪುಸ್ತಕದ ಒಂದು ಮುಚ್ಚಳದ ಡಬ್ಬಿ ಕೊಟ್ಟು, ಸಭೆಗೆ ಬಂದಾಗ ಡಬ್ಬಿ ಬದಲಿಸಿಕೊಂಡು ಹೋದರೆ? ಕ್ಲಸ್ಟರಿನಲ್ಲಿ ಹತ್ತು ಶಾಲೆ ಇದ್ದರೆ ಪ್ರತಿ ಮಗುವಿನ ಕಣ್ಣಿಗೆ ವರ್ಷದಲ್ಲಿ ಮುನ್ನೂರು ಪುಸ್ತಕ ಬೀಳುತ್ತದೆ. ಹತ್ತೇ ಮಕ್ಕಳಿರುವ ಶಾಲೆಗೂ ಇದು ನಡೆಯುತ್ತದೆ. ಡಬ್ಬಿಗೆ ಒಂದಿಷ್ಟು ಪುಸ್ತಕ ಅರಿವು ಕೇಂದ್ರದಿಂದಲೂ ಸೇರಿಸಬಹುದು, ಆದರೆ ಅದಕ್ಕೆ ಎರಡು ಇಲಾಖೆ ಒಂದು ಕಾಗದಕ್ಕೆ ಸಹಿ ಹಾಕಬೇಕು. ಕಷ್ಟ ಇರುವುದು ಅಲ್ಲೇ.

ಶಿಕ್ಷಕರಿಗೆ ಪುರುಸೊತ್ತು ಎಲ್ಲಿದೆ ಅನ್ನುವ ಮಾತೂ ಬರುತ್ತದೆ. ನಿಜ. ಬಿಸಿಯೂಟ, ಮೊಟ್ಟೆ, ಆನ್‌ಲೈನ್ ಎಂಟ್ರಿ, ಗಣತಿ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಅದಕ್ಕೇ ಎರವಲು ಕೊಡುವ ಕೆಲಸ ಮಕ್ಕಳ ಕೈಯಲ್ಲೇ ಇರಬೇಕು ಅನ್ನುವುದು. ನಾಲ್ಕು-ಐದನೇ ಕ್ಲಾಸಿನವರು ಅದನ್ನು ನಮಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ. ಟೀಚರ್ ಮಾಡಬೇಕಾದದ್ದು ದಿನದ ಆ ಹತ್ತು ನಿಮಿಷದ ಗಟ್ಟಿ ಓದು, ವಾರಕ್ಕೊಂದು ಪೀರಿಯಡ್. ಅದನ್ನು ವೇಳಾಪಟ್ಟಿಯಲ್ಲಿ ಬರೆದರೆ ಮಾತ್ರ ಉಳಿಯುತ್ತದೆ. ‘ಬಿಡುವಿದ್ದಾಗ’ ಅಂದರೆ ಸುಮ್ನೆ ಹೋಯಿತು ಅಂತಲೇ ಅರ್ಥ.

ಇನ್ನು ಅಳೆಯುವ ವಿಷಯ. ಶಾಲೆಗೆ ಬಂದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ‘ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ ಇದೆ?’ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಬದಲಿಗೆ ಎರಡು ಪ್ರಶ್ನೆ ಕೇಳಲಿ. ಕಳೆದ ತಿಂಗಳು ಎಷ್ಟು ಪುಸ್ತಕ ಮನೆಗೆ ಹೋಯಿತು? ಒಂದೂ ತೆಗೆದುಕೊಂಡು ಹೋಗದ ಮಗು ಯಾವುದು? ಎರಡನೆಯದಕ್ಕೆ ಸಿಗುವ ಹೆಸರುಗಳಲ್ಲೇ ನಡುವಿನ ಸಾಲು ಓದಲಾಗದ ಮಕ್ಕಳು ಇರುತ್ತಾರೆ. ಆ ಮಗುವಿನ ಪಕ್ಕ ಜೋಡಿ ಓದಿಗೆ ಯಾರನ್ನು ಕೂರಿಸಬೇಕು ಅಂತ ಅಲ್ಲೇ ತೀರ್ಮಾನ ಮಾಡಬಹುದು.

ಇಲಾಖೆಯ ಸುತ್ತೋಲೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಜೂನ್‌ನ ಮೊದಲ ಸಭೆಯಲ್ಲೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಒಂದು ಠರಾವು ಬರೆದಿಡಬಹುದು: ಮಕ್ಕಳು ಮನೆಗೆ ಒಯ್ದು ಹರಿದ, ನೆನೆದ, ಕಳೆದ ಪುಸ್ತಕಗಳ ಪಟ್ಟಿಯನ್ನು ವರ್ಷದ ಕೊನೆಗೆ ಸಮಿತಿಯೇ ನೋಡಿ ಸಹಿ ಹಾಕುತ್ತದೆ, ಇದಕ್ಕೆ ಮುಖ್ಯಶಿಕ್ಷಕರ ಕೈಯಿಂದ ದುಡ್ಡು ಕಟ್ಟಿಸಬಾರದು ಎಂಬುದು ಸಮಿತಿಯ ಅಭಿಪ್ರಾಯ. ಆಡಿಟ್‌ನಲ್ಲಿ ಅದು ಎಷ್ಟು ನಿಲ್ಲುತ್ತದೋ ಆಮೇಲಿನ ಮಾತು. ಮುಖ್ಯಶಿಕ್ಷಕರ ಪರವಾಗಿ ಊರವರು ಸಹಿ ಹಾಕಿದ ಒಂದು ಕಾಗದವಾದರೂ ಕಡತದಲ್ಲಿ ಇರುತ್ತದೆ.